ತಾತಗುಣಿಯ ದೇವಿಕಾ ರಾಣಿ: ತೆರೆಯ ಮುಂದೆ ಚೆಲುವೆ, ತೆರೆಯ ಹಿಂದೆ ಯಜಮಾನಿ

ತಾತಗುಣಿ ಎಸ್ಟೇಟ್ ಎಂದರೆ ಬೆಂಗಳೂರಿನವರಿಗೆ ಮೊದಲು ನೆನಪಾಗುವುದು ಕೋರ್ಟು ಕೇಸು. ಆಮೇಲೆ ಬನ್ನೇರುಘಟ್ಟದ ಕಡೆಯಿಂದ ದಾಟಿ ಬರುವ ಆನೆಗಳು, ಪೊದೆಗಳ ನಡುವೆ ಕಾಣಿಸಿಕೊಂಡ ಚಿರತೆ. ಕನಕಪುರ ರಸ್ತೆಯಂಚಿನ ಆ 468 ಎಕರೆ ಇವತ್ತಿಗೆ ಎಷ್ಟು ಕೋಟಿ ಬಾಳೀತು ಎಂಬ ಲೆಕ್ಕಾಚಾರ ಟೀ ಅಂಗಡಿಯಲ್ಲೂ ನಡೆಯುತ್ತದೆ. ಇಷ್ಟೆಲ್ಲ ಆದ ಮೇಲೆ ಯಾರಾದರೂ ಹಿರಿಯರು ‘ಅದು ದೇವಿಕಾ ರಾಣಿಯವರ ತೋಟ ಅಲ್ವೇ, ಹಳೇ ಸಿನಿಮಾ ನಟಿ’ ಎನ್ನುತ್ತಾರೆ. ಮಾತು ಅಲ್ಲಿಗೇ ನಿಲ್ಲುತ್ತದೆ.

ಆಕೆಗೆ ಇಷ್ಟು ಸಣ್ಣ ಪರಿಚಯ ಸಾಲದು. ನಾನು ಇರುವುದು ವೈಟ್‌ಫೀಲ್ಡ್‌ನಲ್ಲಿ, ತಾತಗುಣಿಗೆ ಊರಿನ ತೀರಾ ಆಚೆ ತುದಿ. ಇಲ್ಲಿ ಅಕ್ಕಪಕ್ಕದವರೆಲ್ಲ ಕಂಪನಿ, ಷೇರು, ಟ್ರೇನಿಂಗು, ಸಂಬಳದ ಭಾಷೆಯಲ್ಲೇ ದಿನ ಕಳೆಯುವವರು. ಮೂವತ್ತೆರಡನೇ ವಯಸ್ಸಿಗೆ ಒಂದು ದೊಡ್ಡ ಕಂಪನಿಯ ಹೊಣೆ ಹೊತ್ತು, ಯುದ್ಧಕಾಲದಲ್ಲಿ ಅದನ್ನು ಮುನ್ನಡೆಸಿ, ಹೊಸ ಹುಡುಗರನ್ನು ಗುರುತಿಸಿ ಕೆಲಸ ಕೊಟ್ಟ ಹೆಣ್ಣುಮಗಳ ಕಥೆ ಈ ಜನಕ್ಕೆ ಥಟ್ಟನೆ ಅರ್ಥವಾಗಬೇಕು. ಆ ಕಥೆಯನ್ನು ಯಾರೂ ಹೇಳಿಲ್ಲವಷ್ಟೆ. ಆಕೆಯ ಚೆಲುವಿನ ಬಗ್ಗೆ, ಒಂದು ಮುತ್ತಿನ ದೃಶ್ಯದ ಬಗ್ಗೆ, ಎರಡು ಮದುವೆಗಳ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ.

ವೈಟ್‌ಫೀಲ್ಡ್‌ನಿಂದ ಶುರುಮಾಡಲು ಇನ್ನೊಂದು ಕಾರಣವೂ ಇದೆ. ಈ ಊರು ಹುಟ್ಟಿದ್ದು 1882ರಲ್ಲಿ. ಡಿ.ಎಸ್. ವೈಟ್ ಎಂಬುವರ ಮುಂದಾಳತ್ವದ ಆಂಗ್ಲೋ ಇಂಡಿಯನ್ ಸಂಘಕ್ಕೆ ಮೈಸೂರಿನ ಚಾಮರಾಜೇಂದ್ರ ಒಡೆಯರು 3900 ಎಕರೆ ಕೊಟ್ಟರು. ಒಳವೃತ್ತದ ರಸ್ತೆ, ಹೆಂಚಿನ ಬಂಗಲೆಗಳು, ಸುತ್ತ ಹಣ್ಣಿನ ತೋಟಗಳು ಎದ್ದವು. ಭಾರತದ ಮೂಕಿ ಚಿತ್ರಗಳ ಕಾಲದಲ್ಲಿ ತೆರೆಯ ಮೇಲೆ ಮೆರೆದ ನಾಯಕಿಯರಲ್ಲಿ ಹಲವರು ಇದೇ ಸಮುದಾಯದ ಹೆಣ್ಣುಮಕ್ಕಳು. ಮರ್ಯಾದಸ್ಥ ಮನೆಯವರೆಂದು ತಮ್ಮನ್ನು ಕರೆದುಕೊಂಡವರು ಮಗಳನ್ನು ಕ್ಯಾಮೆರಾ ಮುಂದೆ ಕಳಿಸಲು ಒಪ್ಪದ ಕಾಲದಲ್ಲಿ ಧೈರ್ಯವಾಗಿ ಬಂದವರು ಅವರು. ರೆನೀ ಸ್ಮಿತ್ ಎಂಬ ಹುಡುಗಿ ಸೀತಾದೇವಿ ಎಂಬ ಹೆಸರಿನಲ್ಲಿ ‘ಲೈಟ್ ಆಫ್ ಏಷ್ಯಾ’ (1925) ಚಿತ್ರದ ಗೋಪೆಯಾದಳು. ಆ ಚಿತ್ರ ಕಟ್ಟಿದ ಹಿಮಾಂಶು ರಾಯ್ 1929ರಲ್ಲಿ ‘ಎ ಥ್ರೋ ಆಫ್ ಡೈಸ್’ ತೆಗೆದಾಗಲೂ ನಾಯಕಿ ಸೀತಾದೇವಿಯೇ. ಆ ಚಿತ್ರದ ಉಡುಗೆ ಮತ್ತು ಸೆಟ್ಟುಗಳ ಕೆಲಸದಲ್ಲಿ ಕೈಜೋಡಿಸಿದ ಇಪ್ಪತ್ತೊಂದರ ಹುಡುಗಿ ದೇವಿಕಾ ರಾಣಿ ಚೌಧುರಿ.

ದೇವಿಕಾ ಹುಟ್ಟಿದ್ದು 1908ರ ಮಾರ್ಚ್ 30ರಂದು, ವಿಶಾಖಪಟ್ಟಣದ ವಾಲ್ಟೇರಿನಲ್ಲಿ. ತಂದೆ ಕರ್ನಲ್ ಮನ್ಮಥನಾಥ ಚೌಧುರಿ ಮದ್ರಾಸ್ ಪ್ರೆಸಿಡೆನ್ಸಿಯ ಸರ್ಜನ್ ಜನರಲ್ ಹುದ್ದೆಗೇರಿದ ಮೊದಲ ಭಾರತೀಯ. ರವೀಂದ್ರನಾಥ ಠಾಗೋರರ ಮನೆತನದೊಂದಿಗೆ ಹತ್ತಿರದ ನೆಂಟಸ್ತಿಕೆ. ಒಂಬತ್ತನೇ ವಯಸ್ಸಿಗೇ ಇಂಗ್ಲೆಂಡಿನ ಬೋರ್ಡಿಂಗ್ ಶಾಲೆಗೆ ಹೋದ ಹುಡುಗಿ ಅಲ್ಲೇ ರಾಯಲ್ ಅಕಾಡೆಮಿ ಆಫ್ ಡ್ರಮ್ಯಾಟಿಕ್ ಆರ್ಟ್‌ನಲ್ಲಿ ನಟನೆ ಕಲಿತಳು, ಸಂಗೀತ ಕಲಿತಳು, ಬಟ್ಟೆಯ ವಿನ್ಯಾಸ ಕಲಿತಳು. ಇಷ್ಟು ಅನುಕೂಲದ ಮನೆಯವಳಿಗೆ ಸಿನಿಮಾ ಹೊಟ್ಟೆಪಾಡಾಗಿರಲಿಲ್ಲ. ಬೇಕೆಂದೇ ಆರಿಸಿಕೊಂಡ ಕೆಲಸ ಅದು.

1929ರಲ್ಲಿ ಹಿಮಾಂಶು ರಾಯ್ ಜೊತೆ ಮದುವೆಯಾಯಿತು. ಇಬ್ಬರೂ ಬರ್ಲಿನ್‌ಗೆ ಹೋದರು. ಅಲ್ಲಿನ ಊಫಾ ಸ್ಟುಡಿಯೊ ಆಗ ಯುರೋಪಿನ ಅತಿ ದೊಡ್ಡ ಸಿನಿಮಾ ಕಾರ್ಖಾನೆ. ಬೆಳಕು, ಮೇಕಪ್, ಸೆಟ್ಟು, ಸಂಕಲನ ಎಲ್ಲವನ್ನೂ ದೇವಿಕಾ ಹತ್ತಿರದಿಂದ ಕಂಡು ಕಲಿತದ್ದು ಅಲ್ಲಿ. 1930ರಲ್ಲಿ ಅದೇ ಸ್ಟುಡಿಯೊದಿಂದ ‘ದ ಬ್ಲೂ ಏಂಜೆಲ್’ ಬಂತು, ಅದರ ನಾಯಕಿ ಮಾರ್ಲೀನ್ ಡೀಟ್ರಿಚ್ ಹಾಲಿವುಡ್ ಹಡಗು ಹತ್ತಿದಳು. ಅಮೆರಿಕದ ಸ್ಟುಡಿಯೊಗಳು ಡೀಟ್ರಿಚ್, ಗಾರ್ಬೊ ತರಹದ ತಾರೆಯರ ಉಡುಗೆ, ನಡಿಗೆ, ಮಾತು, ಕೊನೆಗೆ ಮದುವೆಯ ಸುದ್ದಿಯನ್ನೂ ಕರಾರಿನೊಳಗೆ ಕಟ್ಟಿಹಾಕಿದ್ದ ಕಾಲ ಅದು. ಬಾಂಬೆಯಲ್ಲಿ ಹುಟ್ಟಿ ಕಲ್ಕತ್ತೆಯಲ್ಲಿ ಬೆಳೆದ ಆಂಗ್ಲೋ ಇಂಡಿಯನ್ ಹುಡುಗಿ ಮರ್ಲ್ ಓಬೆರಾನ್ ಲಂಡನ್ ಮಾರ್ಗವಾಗಿ ಹಾಲಿವುಡ್ ಸೇರಿ, ತಾನು ಟಾಸ್ಮೇನಿಯಾದವಳೆಂದು ಹೇಳಿಕೊಂಡು ಬದುಕಿದಳು. 1935ರ ‘ದ ಡಾರ್ಕ್ ಏಂಜೆಲ್’ ಚಿತ್ರಕ್ಕೆ ಆಸ್ಕರ್ ನಾಮನಿರ್ದೇಶನ ಸಿಕ್ಕಾಗಲೂ ಹುಟ್ಟಿದೂರಿನ ಹೆಸರು ಬಾಯಿಬಿಡುವ ಹಾಗಿರಲಿಲ್ಲ. ಆಕೆಯನ್ನು ನೆನೆದರೆ ಸಂಕಟವಾಗುತ್ತದೆ. ಅದೇ ವರ್ಷಗಳಲ್ಲಿ ಅದೇ ಲಂಡನ್‌ನಲ್ಲಿದ್ದ ದೇವಿಕಾ ಸೀರೆಯುಟ್ಟು, ತನ್ನ ಹೆಸರಿನಲ್ಲೇ ನಿಂತು, ಇಂಗ್ಲಿಷ್ ಮಾತಿನ ಚಿತ್ರವೊಂದರ ನಾಯಕಿಯಾದಳು.

ಆ ಚಿತ್ರ ‘ಕರ್ಮ’. 1933ರ ಮೇ ತಿಂಗಳಲ್ಲಿ ಲಂಡನ್‌ನಲ್ಲಿ ತೆರೆಕಂಡಿತು. ಹಿಂದಿಯಲ್ಲೂ ಬಂತು. ಹಾವು ಕಚ್ಚಿ ಪ್ರಜ್ಞೆ ತಪ್ಪಿದ ರಾಜಕುಮಾರನನ್ನು ರಾಜಕುಮಾರಿ ಮುತ್ತಿಟ್ಟು ಎಬ್ಬಿಸಲು ನೋಡುವ ದೃಶ್ಯ ಅದರಲ್ಲಿದೆ. ನಾಲ್ಕು ನಿಮಿಷದ ಮುತ್ತು ಎಂದು ದಂತಕಥೆಯೇ ಬೆಳೆದಿದೆ. ಚಿತ್ರ ನೋಡಿದವರಿಗೆ ಅದು ಉತ್ಪ್ರೇಕ್ಷೆ ಎಂದು ಗೊತ್ತಾಗುತ್ತದೆ. ನಟಿಸುತ್ತಿದ್ದವರು ಗಂಡ ಹೆಂಡತಿ, ಸನ್ನಿವೇಶ ಸಾವಿನ ಭಯದ್ದು. ಲಂಡನ್ ಪತ್ರಿಕೆಗಳು ಆಗ ಹೊಗಳಿದ್ದು ಆಕೆಯ ಇಂಗ್ಲಿಷ್ ಉಚ್ಚಾರಣೆಯನ್ನು, ಕಣ್ಣುಗಳನ್ನು. ನಾವು ಮಾತ್ರ ತೊಂಬತ್ತು ವರ್ಷಗಳಿಂದ ಮುತ್ತಿನ ಗಡಿಯಾರ ಹಿಡಿದು ಕೂತಿದ್ದೇವೆ.

ಜರ್ಮನಿಯಲ್ಲಿ ಹಿಟ್ಲರ್ ಗದ್ದುಗೆಗೆ ಬಂದ. ದಂಪತಿ ಭಾರತಕ್ಕೆ ಮರಳಿದರು. 1934ರಲ್ಲಿ ಬಾಂಬೆಯ ಹೊರವಲಯದ ಮಲಾಡ್‌ನಲ್ಲಿ ಬಾಂಬೆ ಟಾಕೀಸ್ ಲಿಮಿಟೆಡ್ ಎದ್ದಿತು. ಅದೇ ವರ್ಷ ಮಾರ್ಚ್‌ನಲ್ಲಿ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಬೆಂಗಳೂರಿನಲ್ಲಿ ತೆರೆಕಂಡಿತ್ತು. ಆರ್. ನಾಗೇಂದ್ರರಾಯರು, ಸುಬ್ಬಯ್ಯ ನಾಯ್ಡು, ತ್ರಿಪುರಾಂಬ ಎಲ್ಲರೂ ಕೊಲ್ಲಾಪುರಕ್ಕೆ ಗಂಟುಮೂಟೆ ಕಟ್ಟಿಕೊಂಡು ಹೋಗಿ ಅದನ್ನು ಮುಗಿಸಿ ಬಂದಿದ್ದರು. ನಮ್ಮ ನೆಲದಲ್ಲಿ ಆಗ ಸ್ಟುಡಿಯೊ ಇರಲಿಲ್ಲ. ಮಲಾಡ್‌ನಲ್ಲಿ ಎದ್ದದ್ದು ಏನೆಂದು ತಿಳಿಯಲು ಈ ಹೋಲಿಕೆ ಬೇಕು.

ಬಾಂಬೆ ಟಾಕೀಸ್ ಷೇರು ಮಾರುಕಟ್ಟೆಗೆ ಬಂದ ಕಂಪನಿ. 25 ಲಕ್ಷ ರೂಪಾಯಿಯ ಅಧಿಕೃತ ಬಂಡವಾಳ. ಹಣಕಾಸಿನ ದೊರೆ ಎಫ್.ಇ. ದಿನ್‌ಶಾ ಬೆಂಬಲಕ್ಕೆ ನಿಂತರು, ನಿರ್ದೇಶಕ ಮಂಡಳಿಯಲ್ಲಿ ಸರ್ ಚಿಮನ್‌ಲಾಲ್ ಸೆಟಲ್ವಾಡ್ ಅವರಂಥ ಹೆಸರುವಾಸಿಗಳು ಕೂತರು. ಸಿನಿಮಾ ಎಂದರೆ ಮೂಗು ಮುರಿಯುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಹೊರಗಿನ ಶಬ್ದ ಹೊಗದ ಚಿತ್ರೀಕರಣ ಮಂಟಪ, ಸ್ವಂತ ಲ್ಯಾಬ್, ಸಂಕಲನದ ಕೋಣೆಗಳು, ಖಾಸಗಿ ಪ್ರದರ್ಶನ ಮಂದಿರ ಎಲ್ಲವೂ ಒಂದೇ ಆವರಣದಲ್ಲಿದ್ದವು. ನಟರಿಗೂ ತಿಂಗಳ ಸಂಬಳ. ಪದವಿ ಓದಿದ ಹುಡುಗರನ್ನು ಹುಡುಕಿ ತಂದು ಒಳಗೇ ತರಬೇತಿ ಕೊಡುತ್ತಿದ್ದರು. ನಿರ್ದೇಶಕ ಫ್ರಾಂಜ್ ಓಸ್ಟೆನ್, ಛಾಯಾಗ್ರಾಹಕ ಜೋಸೆಫ್ ವಿರ್ಷಿಂಗ್ ಜರ್ಮನಿಯಿಂದ ಬಂದರು. ಕಥೆ ಬರೆದವರು ನಿರಂಜನ್ ಪಾಲ್, ಸ್ವಾತಂತ್ರ್ಯ ಹೋರಾಟಗಾರ ಬಿಪಿನ್ ಚಂದ್ರ ಪಾಲ್ ಅವರ ಮಗ. ಸಂಗೀತದ ಹೊಣೆ ಹೊತ್ತವರು ಖುರ್ಷಿದ್ ಹೋಮ್‌ಜಿ ಎಂಬ ಪಾರ್ಸಿ ಹೆಣ್ಣುಮಗಳು. ಹಿಂದಿ ಚಿತ್ರರಂಗದ ಮೊದಲ ಸಂಗೀತ ನಿರ್ದೇಶಕಿಯರಲ್ಲಿ ಒಬ್ಬರಾದ ಈಕೆ ಸರಸ್ವತಿ ದೇವಿ ಎಂಬ ಹೆಸರಿನಲ್ಲಿ ಕೆಲಸ ಮಾಡಿದರು.

ನಜ್ಮುಲ್ ಹಸನ್ ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾಗದು. ‘ಜೀವನ್ ನೈಯಾ’ ಚಿತ್ರೀಕರಣದ ನಡುವೆ ದೇವಿಕಾ ಸಹನಟ ನಜ್ಮುಲ್ ಹಸನ್ ಜೊತೆ ಕಲ್ಕತ್ತೆಗೆ ಹೊರಟುಹೋದರು. ಕಂಪನಿಯವರೇ ಆದ ಶಶಧರ್ ಮುಖರ್ಜಿ ಮಧ್ಯಸ್ಥಿಕೆ ವಹಿಸಿ ಅವರನ್ನು ಮರಳಿ ಕರೆತಂದರು. ನಾಯಕನ ಜಾಗ ಖಾಲಿಯಾಯಿತು, ಲ್ಯಾಬ್‌ನಲ್ಲಿ ಕೆಲಸ ಮಾಡುತ್ತಿದ್ದ ಮುಖರ್ಜಿಯವರ ಭಾವಮೈದುನನನ್ನು ಹಿಡಿದು ಕ್ಯಾಮೆರಾ ಮುಂದೆ ನಿಲ್ಲಿಸಿದರು. ಅವರೇ ಅಶೋಕ್ ಕುಮಾರ್. ಈ ಘಟನೆಯನ್ನು ಚಪ್ಪರಿಸಿ ಹೇಳುವವರು ಇದರ ನಂತರದ್ದನ್ನು ಹೇಳುವುದಿಲ್ಲ. ಇಡೀ ಕಂಪನಿಗೆ ಗೊತ್ತಾಗುವಂತೆ ಮುರಿದುಬಿದ್ದ ಸಂಸಾರವೊಂದನ್ನು ಹೊತ್ತುಕೊಂಡು, ಅದೇ ಆವರಣಕ್ಕೆ ಆಕೆ ಪ್ರತಿ ಬೆಳಿಗ್ಗೆ ಕೆಲಸಕ್ಕೆ ಬಂದರು. 1936ರಲ್ಲಿ ಹಿಂಜರಿಕೆಯ ಆ ಹೊಸ ಹುಡುಗನ ಎದುರು ನಿಂತು ‘ಅಛೂತ್ ಕನ್ಯಾ’ ಮಾಡಿದರು.

ರೈಲ್ವೆ ಗೇಟು ಕಾಯುವ ದಲಿತನ ಮಗಳು ಕಸ್ತೂರಿ, ಬ್ರಾಹ್ಮಣರ ಹುಡುಗ ಪ್ರತಾಪ್. ಊರು ಇವರಿಬ್ಬರನ್ನು ಬದುಕಗೊಡುವುದಿಲ್ಲ. ಕೊನೆಗೆ ರೈಲು ನಿಲ್ಲಿಸಲು ಹೋಗಿ ಕಸ್ತೂರಿ ಸಾಯುತ್ತಾಳೆ. ಇವತ್ತಿನ ಕಣ್ಣಿಗೆ ಈ ಚಿತ್ರದ ಮಿತಿಗಳು ಕಾಣುತ್ತವೆ. ಕಸ್ತೂರಿಯ ಹುಬ್ಬು ಬರ್ಲಿನ್‌ನಲ್ಲಿ ತಿದ್ದಿದ ಹುಬ್ಬು, ಆಕೆಯ ಸೀರೆಯಲ್ಲಿ ಬಡತನದ ಕೊಳೆ ಇಲ್ಲ. ಜಾತಿಯ ಕ್ರೌರ್ಯಕ್ಕೆ ಉತ್ತರ ಕೊಡಬೇಕಾದ ಕಡೆ ಹುಡುಗಿಯನ್ನೇ ಬಲಿಕೊಟ್ಟು ಕಥೆ ಮುಗಿಸುತ್ತದೆ. ಆದರೂ ದೇವಸ್ಥಾನಗಳ ಬಾಗಿಲು ದಲಿತರಿಗೆ ಇನ್ನೂ ಮುಚ್ಚಿದ್ದ ದಿನಗಳಲ್ಲಿ ದೇಶದ ಅತಿ ದೊಡ್ಡ ತಾರೆ ಆ ಪಾತ್ರ ಮಾಡಿದ್ದು, ಅದನ್ನು ನೋಡಲು ನೆಹರೂ ಬಂದದ್ದು ದೊಡ್ಡ ಸಂಗತಿ. ದೇವಿಕಾ ಅಲ್ಲಿ ಅಳುವ ದೃಶ್ಯಗಳಿಗಿಂತ ಸುಮ್ಮನೆ ಕೇಳಿಸಿಕೊಳ್ಳುವ ದೃಶ್ಯಗಳಲ್ಲಿ ಹೆಚ್ಚು ಗೆಲ್ಲುತ್ತಾರೆ. ಕಂಪನಿ ನಾಟಕದ ಎತ್ತರದ ದನಿ ಇನ್ನೂ ಬಿಡದ ಕಾಲದಲ್ಲಿ ಅಷ್ಟು ತಗ್ಗಿದ ನಟನೆ ಅಪರೂಪ.

1939ರಲ್ಲಿ ಯುದ್ಧ ಶುರುವಾಯಿತು. ಬ್ರಿಟಿಷ್ ಸರ್ಕಾರ ಓಸ್ಟೆನ್, ವಿರ್ಷಿಂಗ್ ಸೇರಿದಂತೆ ಜರ್ಮನ್ ತಂತ್ರಜ್ಞರನ್ನೆಲ್ಲ ಬಂಧನ ಶಿಬಿರಕ್ಕೆ ಹಾಕಿತು. ಕಂಪನಿಯ ಬೆನ್ನುಮೂಳೆಯೇ ಮುರಿದಂತಾಯಿತು. ಹಿಮಾಂಶು ರಾಯ್ ಹಾಸಿಗೆ ಹಿಡಿದು 1940ರ ಮೇ ತಿಂಗಳಲ್ಲಿ ತೀರಿಕೊಂಡರು. ದೇವಿಕಾ ರಾಣಿಯ ಜೀವನದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಅಧ್ಯಾಯ ಇಲ್ಲಿಂದ ಆರಂಭ. ಷೇರುದಾರರಿದ್ದರು, ಬಣಗಳಿದ್ದವು, ಪ್ರತಿ ತಿಂಗಳು ಸಂಬಳ ಕೊಡಬೇಕಾದ ನೂರಾರು ಜನರಿದ್ದರು, ಯುದ್ಧದಿಂದಾಗಿ ಕಚ್ಚಾ ಫಿಲ್ಮಿಗೂ ಪರದಾಟವಿತ್ತು. ವಿಧವೆ ಎಂದರೆ ಮೂಲೆ ಸೇರಬೇಕು ಎನ್ನುತ್ತಿದ್ದ ದೇಶದಲ್ಲಿ ಆಕೆ ಮಲಾಡಿನ ಯಜಮಾನಿಕೆಯ ಕುರ್ಚಿಯಲ್ಲಿ ಕೂತರು. ಅಮಿಯ ಚಕ್ರವರ್ತಿಯವರದ್ದೊಂದು, ಶಶಧರ್ ಮುಖರ್ಜಿಯವರದ್ದೊಂದು ಎಂದು ಎರಡು ತಂಡಗಳಿಂದ ಕೆಲಸ ನಡೆಯಿತು. ಕೆ.ಎ. ಅಬ್ಬಾಸ್ ಕಥೆಯ ‘ನಯಾ ಸಂಸಾರ್’ (1941), ಮುಮ್ತಾಜ್ ಎಂಬ ಪುಟ್ಟ ಹುಡುಗಿ ನಟಿಸಿದ ‘ಬಸಂತ್’ (1942) ಆ ಕಾಲದ ಚಿತ್ರಗಳು. ಆ ಹುಡುಗಿಯೇ ಮುಂದೆ ಮಧುಬಾಲಾ.

ದಿಲೀಪ್ ಕುಮಾರ್ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡ ಪ್ರಸಂಗವೊಂದಿದೆ. ಹಣ್ಣಿನ ವ್ಯಾಪಾರಿಯ ಮಗ ಯೂಸುಫ್ ಖಾನ್ ಕೆಲಸ ಹುಡುಕುತ್ತ ಪರಿಚಯದ ಡಾಕ್ಟರೊಬ್ಬರ ಜೊತೆ ಮಲಾಡಿಗೆ ಹೋಗುತ್ತಾನೆ. ದೇವಿಕಾ ರಾಣಿ ಅವನ ಉರ್ದು ಹೇಗಿದೆ ಎಂದು ವಿಚಾರಿಸಿ, ನಟನಾಗಲು ಇಷ್ಟವೇ ಎಂದು ಕೇಳಿ, 1250 ರೂಪಾಯಿಯ ಕೆಲಸ ಕೊಡುತ್ತಾರೆ. ಹುಡುಗನಿಗೆ ಅದು ವರ್ಷದ ಸಂಬಳವಿರಬೇಕೆಂಬ ಅನುಮಾನ. ತಿಂಗಳಿಗೇ ಅಷ್ಟು ಎಂದು ಖಾತ್ರಿಯಾದಾಗ ನಂಬಲಾಗುವುದಿಲ್ಲ. ಹೊಸ ಹೆಸರು ಇಟ್ಟುಕೋ ಎಂದು ದಿಲೀಪ್ ಕುಮಾರ್ ಎಂಬ ಹೆಸರನ್ನು ಸೂಚಿಸಿದವರೂ ಆಕೆಯೇ. ಮೊದಲ ಚಿತ್ರ ‘ಜ್ವಾರ್ ಭಾಟಾ’ 1944ರಲ್ಲಿ ಬಂತು, ಓಡಲಿಲ್ಲ. ಆದರೂ ಆಕೆ ಹುಡುಗನ ಕೈಬಿಡಲಿಲ್ಲ. ನಟನೆಯ ಗಂಧಗಾಳಿ ಇಲ್ಲದವನ ಮುಖದಲ್ಲಿ ಮುಂದಿನ ಐವತ್ತು ವರ್ಷಗಳನ್ನು ಕಂಡ ಆ ಕಣ್ಣಿಗೆ ಸಿನಿಮಾ ಚರಿತ್ರೆಯಲ್ಲಿ ಪ್ರತ್ಯೇಕ ಜಾಗವಿರಬೇಕು.

ಕನ್ನಡ ನೆಲದ ಹೆಣ್ಣುಮಕ್ಕಳೂ ಮಲಾಡಿನ ಆ ಗೇಟು ದಾಟಿ ಒಳಹೋಗಿದ್ದಾರೆ. ಈ ಭಾಗ ನಮ್ಮಲ್ಲಿ ಯಾಕೆ ಇಷ್ಟು ಮರೆತುಹೋಗಿದೆಯೋ ತಿಳಿಯದು. ದೇವಿಕಾ ನಟನೆಯಿಂದ ಹಿಂದೆ ಸರಿಯತೊಡಗಿದಾಗ ಬಾಂಬೆ ಟಾಕೀಸ್‌ನ ನಾಯಕಿಯಾದವರು ಧಾರವಾಡದಲ್ಲಿ ಹುಟ್ಟಿದ ಲೀಲಾ ಚಿಟ್ನಿಸ್. ‘ಕಂಗನ್’ (1939), ‘ಬಂಧನ್’ (1940), ‘ಝೂಲಾ’ (1941) ಮೂರರಲ್ಲೂ ಅಶೋಕ್ ಕುಮಾರ್ ಎದುರು ಅವರೇ. ಪದವಿ ಓದಿದ, ಮಕ್ಕಳ ತಾಯಿಯಾಗಿದ್ದ ಲೀಲಾ 1941ರಲ್ಲಿ ಲಕ್ಸ್ ಸೋಪಿನ ಜಾಹೀರಾತಿನಲ್ಲಿ ಕಾಣಿಸಿಕೊಂಡ ಮೊದಲ ಭಾರತೀಯ ತಾರೆ. ಅಲ್ಲಿಯವರೆಗೆ ಆ ಜಾಗದಲ್ಲಿ ಹಾಲಿವುಡ್ ಬೆಡಗಿಯರೇ ಇದ್ದರು. ಮುಂದೆ ಹಿಂದಿ ಸಿನಿಮಾದ ಕಣ್ಣೀರ ತಾಯಿಯಾಗಿ ಹೆಸರಾದ ಈ ಧಾರವಾಡದ ಮಗಳು ತೀರಿಕೊಂಡದ್ದು 2003ರಲ್ಲಿ, ಅಮೆರಿಕದಲ್ಲಿ.

ಬಾಂಬೆ ಟಾಕೀಸ್‌ನ 1943ರ ಚಿತ್ರ ‘ಕಿಸ್ಮತ್’ ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಓಡಿತು. ಕಳ್ಳನೇ ನಾಯಕ, ಮದುವೆಗೆ ಮುಂಚೆ ಬಸಿರಾದ ಹುಡುಗಿ, ಕ್ವಿಟ್ ಇಂಡಿಯಾ ಚಳವಳಿಯ ಬೆನ್ನಲ್ಲೇ ಪರಕೀಯರನ್ನು ಹೊರಗಟ್ಟುವ ಹಾಡು. ಅನಿಲ್ ಬಿಸ್ವಾಸ್ ಸಂಗೀತದ ಆ ಚಿತ್ರದ ಹಾಡುಗಳನ್ನು ದೇಶದ ಮೂಲೆಮೂಲೆಗೆ ಮುಟ್ಟಿಸಿದ ಹೆಣ್ಣುದನಿ ಅಮೀರ್‌ಬಾಯಿ ಕರ್ನಾಟಕಿಯದು. ಬೀಳಗಿಯ ರಂಗಭೂಮಿಯ ಮಣ್ಣಿನಿಂದ ಎದ್ದು ಹೋದ, ನಾಡನ್ನು ಹೆಸರಿಗೇ ಅಂಟಿಸಿಕೊಂಡ ಹಾಡುಗಾರ್ತಿ. ಅದೇ 1943ರಲ್ಲಿ ಇತ್ತ ನಮ್ಮ ಎಂ.ವಿ. ರಾಜಮ್ಮ ‘ರಾಧಾರಮಣ’ ನಿರ್ಮಿಸಿ ಕನ್ನಡದ ಮೊದಲ ಮಹಿಳಾ ನಿರ್ಮಾಪಕಿಯಾದರು. ಹೆಣ್ಣು ಲೆಕ್ಕದ ಪುಸ್ತಕ ಹಿಡಿದು ಕೂತರೆ ಸಿನಿಮಾ ನಡೆಯುತ್ತದೆ ಎಂಬುದಕ್ಕೆ ಒಂದೇ ವರ್ಷ ಎರಡು ಸಾಕ್ಷಿ.

‘ಕಿಸ್ಮತ್’ ತಂದ ದುಡ್ಡು ಜಗಳವನ್ನು ತಡೆಯಲಿಲ್ಲ. ಮುಖರ್ಜಿ, ಅಶೋಕ್ ಕುಮಾರ್ ಮತ್ತು ಸಂಗಡಿಗರು ಹೊರನಡೆದು ಫಿಲ್ಮಿಸ್ತಾನ್ ಕಟ್ಟಿಕೊಂಡರು. ದೇವಿಕಾ ಕೊನೆಯದಾಗಿ ಬಣ್ಣ ಹಚ್ಚಿದ್ದು ‘ಹಮಾರಿ ಬಾತ್’ (1943) ಚಿತ್ರಕ್ಕೆ. 1945ರಲ್ಲಿ ಷೇರುಗಳನ್ನು ಮಾರಿ, ರಷ್ಯಾ ಮೂಲದ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಅವರನ್ನು ಮದುವೆಯಾಗಿ ಹೊರಟುಬಿಟ್ಟರು. ಮೂವತ್ತೇಳು ವರ್ಷ. ಅವರಿಲ್ಲದ ಬಾಂಬೆ ಟಾಕೀಸ್ ಹತ್ತು ವರ್ಷ ತುಂಬುವ ಮೊದಲೇ ಬಾಗಿಲು ಹಾಕಿತು.

ಕುಲು ಕಣಿವೆಯ ನಗ್ಗರ್‌ನಲ್ಲಿ ಕೆಲಕಾಲವಿದ್ದು ದಂಪತಿ ಬೆಂಗಳೂರಿಗೆ ಬಂದು ತಾತಗುಣಿಯಲ್ಲಿ ನೆಲೆಸಿದರು. ಮೆಕ್ಸಿಕೊ ಮೂಲದ ಲಿನಲೋ ಮರಗಳನ್ನು ಬೆಳೆಸಿ, ಅವುಗಳ ಕಾಯಿಯಿಂದ ಸುಗಂಧ ತೈಲ ತೆಗೆಯುವ ಉದ್ಯಮ ನಡೆಸಿದರು. ರೋರಿಕ್ ಅಲ್ಲೇ ಸ್ಟುಡಿಯೊ ಕಟ್ಟಿಕೊಂಡು ಚಿತ್ರ ಬರೆದರು. ದೇವಿಕಾರ ಭಾವಚಿತ್ರಗಳನ್ನೂ ಬರೆದರು. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿಗೆ ಹೋದರೆ ರೋರಿಕ್ ತಂದೆ ಮಗನ ಕೃತಿಗಳ ಗ್ಯಾಲರಿಗಳು ಇಂದಿಗೂ ಇವೆ. ಆ ಸಂಸ್ಥೆ ಬೆಳೆಯುವಾಗ ಈ ದಂಪತಿ ಜೊತೆಗಿದ್ದರು.

ಸಿನಿಮಾ ಬಿಟ್ಟರೂ ಸಿನಿಮಾದ ಚಿಂತೆ ಬಿಡಲಿಲ್ಲ. 1955ರಲ್ಲಿ ಸಂಗೀತ ನಾಟಕ ಅಕಾಡೆಮಿ ದೆಹಲಿಯಲ್ಲಿ ನಡೆಸಿದ ಚಲನಚಿತ್ರ ವಿಚಾರ ಸಂಕಿರಣವನ್ನು ಮುಂದೆ ನಿಂತು ಸಂಘಟಿಸಿದವರಲ್ಲಿ ದೇವಿಕಾ ಪ್ರಮುಖರು. 1958ರಲ್ಲಿ ಪದ್ಮಶ್ರೀ ಬಂತು. ಫಾಲ್ಕೆಯವರ ಜನ್ಮಶತಾಬ್ದಿಯ ಸಂದರ್ಭದಲ್ಲಿ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸ್ಥಾಪನೆಯಾದಾಗ, 1969ನೇ ಸಾಲಿನ ಮೊತ್ತಮೊದಲ ಪ್ರಶಸ್ತಿ ಸಿಕ್ಕಿದ್ದು ಬೆಂಗಳೂರಿನ ಈ ನಿವಾಸಿಗೆ. ಕೊನೆಯ ವರ್ಷಗಳನ್ನು ಇಬ್ಬರೂ ನಗರದ ಅಶೋಕ ಹೋಟೆಲಿನಲ್ಲಿ ಕಳೆದರು. 1993ರ ಜನವರಿಯಲ್ಲಿ ರೋರಿಕ್, 1994ರ ಮಾರ್ಚ್ 9ರಂದು ದೇವಿಕಾ ತೀರಿಕೊಂಡರು. ಮಕ್ಕಳಿರಲಿಲ್ಲ.

ಆಮೇಲಿನದು ಕಾನೂನಿನ ಕಥೆ. ಎಸ್ಟೇಟಿನ ಒಂದು ಭಾಗವನ್ನು ತಾನು ಕೊಂಡಿದ್ದೇನೆಂದು ಕಂಪನಿಯೊಂದು ಮುಂದೆ ಬಂತು. ರಾಜ್ಯ ಸರ್ಕಾರ 1996ರಲ್ಲಿ ಈ ಒಂದು ತೋಟಕ್ಕೆಂದೇ ಪ್ರತ್ಯೇಕ ಕಾಯ್ದೆ ಮಾಡಿ, 5 ಕೋಟಿ ರೂಪಾಯಿ ಪರಿಹಾರ ಗೊತ್ತುಪಡಿಸಿ ಸ್ವಾಧೀನಕ್ಕೆ ಮುಂದಾಯಿತು. ಕೇಸು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠದವರೆಗೆ ಹೋಯಿತು. 2011ರ ಆಗಸ್ಟ್ 9ರಂದು ಪೀಠ ಕಾಯ್ದೆಯನ್ನು ಎತ್ತಿಹಿಡಿಯಿತು. ಸಂವಿಧಾನದ 300ಎ ವಿಧಿ, ಅಂದರೆ ಆಸ್ತಿಯ ಹಕ್ಕಿನ ಬಗ್ಗೆ ಓದುವ ಕಾನೂನು ವಿದ್ಯಾರ್ಥಿಗಳು ಕೆ.ಟಿ. ಪ್ಲಾಂಟೇಶನ್ ಪ್ರಕರಣವೆಂದು ಇದನ್ನು ಓದುತ್ತಾರೆ. ಸಾರ್ವಜನಿಕ ಉದ್ದೇಶವಿಲ್ಲದೆ ಸರ್ಕಾರ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವಂತಿಲ್ಲ ಎಂಬ ಮಾತು ಆ ತೀರ್ಪಿನಲ್ಲಿದೆ.

ದೇವಿಕಾ ತೀರಿಕೊಂಡ 1994ರಲ್ಲೇ ಇತ್ತ ವೈಟ್‌ಫೀಲ್ಡ್‌ನಲ್ಲಿ ಐಟಿಪಿಎಲ್ ಕಂಪನಿ ರೂಪುಗೊಂಡಿತು. ಆಮೇಲೆ ಒಡೆಯರು ಕೊಟ್ಟ ನೆಲದ ತೋಟಗಳು ಹೇಗೆ ಕರಗಿದವೆಂದು ಹೂಡಿ, ಕಾಡುಗೋಡಿ, ಪಟ್ಟಂದೂರು ಅಗ್ರಹಾರದ ಹಳಬರನ್ನು ಕೇಳಬೇಕು. ಒಳವೃತ್ತದಲ್ಲಿ ಉಳಿದಿರುವ ಹಳೆಯ ಬಂಗಲೆಗಳನ್ನು ಹುಡುಕಿ ನೋಡಬೇಕಾದ ಸ್ಥಿತಿ. ತಾತಗುಣಿ ಲೇಔಟ್ ಆಗದೆ ಉಳಿಯಿತಲ್ಲ, ಅದಕ್ಕೆ ನಾನು ಕೈಮುಗಿಯುತ್ತೇನೆ. ಮರಗಳಿಗೆ, ಕೆರೆಗೆ, ಆನೆಯ ದಾರಿಗೆ ಅದು ಬೇಕಿತ್ತು. ಆದರೆ ಸಾರ್ವಜನಿಕ ಉದ್ದೇಶಕ್ಕೆಂದು ಪಡೆದ ಆ ನೆಲ ಲಾಲ್‌ಬಾಗಿಗೆ ಹೋಗಿ ಬಂದಂತೆ ಜನ ಹೋಗಿ ಬರುವ ಜಾಗ ಇನ್ನೂ ಆಗಿಲ್ಲ. ಮ್ಯೂಸಿಯಂ, ಕಲಾಕೇಂದ್ರದ ಯೋಜನೆಗಳು ಆಗಾಗ ಸುದ್ದಿಯಾಗುತ್ತವೆ. ಆ ಸುದ್ದಿಗಳಲ್ಲೂ ರೋರಿಕ್ ವರ್ಣಚಿತ್ರಗಳಿಗೆ ಸಿಗುವ ಸ್ಥಾನ ಬಾಂಬೆ ಟಾಕೀಸ್‌ನ ಯಜಮಾನಿಗೆ ಸಿಗುವುದಿಲ್ಲ.

ದೊಡ್ಡ ಕಟ್ಟಡ ಬೇಕಿಲ್ಲ. ಇರುವ ಕಟ್ಟಡವೊಂದನ್ನು ದುರಸ್ತಿ ಮಾಡಿ ನೂರು ಕುರ್ಚಿ ಹಾಕಿದರೆ ಪ್ರದರ್ಶನ ಮಂದಿರವಾಗುತ್ತದೆ. ಆನೆಗಳ ದಾರಿಗೆ ಅಡ್ಡಿಯಾಗದಂತೆ ಹಗಲು ಹೊತ್ತಿನಲ್ಲಷ್ಟೇ ನಡೆಸಬಹುದು. ಕಾಡುಗೋಡಿಯಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ, ಹಸಿರು ಮಾರ್ಗದ ಕೊನೆಯ ನಿಲ್ದಾಣ ರೇಷ್ಮೆ ಸಂಸ್ಥೆಯಲ್ಲಿ ಇಳಿದರೆ ತಾತಗುಣಿ ಅಲ್ಲಿಂದ ಕನಕಪುರ ರಸ್ತೆಯಲ್ಲಿ ಸ್ವಲ್ಪ ಮುಂದೆ. ನಮ್ಮ ಕಡೆಯ ಹುಡುಗಿಯರು, ಟೀಮು ನಡೆಸುವವರು, ನಾಳೆ ಕಂಪನಿ ಕಟ್ಟಬೇಕೆಂದಿರುವವರು ಹೋಗಿಬರಲಿ. ಮೊದಲ ಪ್ರದರ್ಶನಕ್ಕೆ ಎಲ್ಲರೂ ‘ಅಛೂತ್ ಕನ್ಯಾ’ ಎನ್ನಬಹುದು. ನನ್ನ ಆಯ್ಕೆ ‘ಕಿಸ್ಮತ್’. ಅದರಲ್ಲಿ ದೇವಿಕಾ ರಾಣಿ ಒಂದು ದೃಶ್ಯದಲ್ಲೂ ಇಲ್ಲ, ಆಕೆ ಯಜಮಾನಿಯಾಗಿದ್ದ ಕಂಪನಿಯ ಹೆಸರು ಮೊದಲಿಗೇ ಬರುತ್ತದೆ, ಬೀಳಗಿಯ ಅಮೀರ್‌ಬಾಯಿಯ ದನಿ ಇದೆ. ಎರಡನೆಯ ವಾರ ಧಾರವಾಡದ ಲೀಲಾ ಚಿಟ್ನಿಸ್ ಅವರ ‘ಕಂಗನ್’. ‘ಕರ್ಮ’ ಮೂರನೆಯ ವಾರಕ್ಕಿರಲಿ.